ನಾಲ್ಕು ಗಡ್ಡೆ, ಒಂದೇ ಅಕ್ಷರ

ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಗ್ರ್ಯಾನುಲೋಸಾ ಕೋಶದ (ಅಂಡಾಣುವನ್ನು ಸುತ್ತುವರಿದು ಪೋಷಿಸುವ ಕೋಶ) ಗಡ್ಡೆಯ ಪಾಲು ಸುಮಾರು ಶೇ. 5. ನಿಧಾನವಾಗಿ ಬೆಳೆಯುವ, ಶಸ್ತ್ರಚಿಕಿತ್ಸೆಯಾಗಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ಮರುಕಳಿಸಬಲ್ಲ ಈ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದು ಅನುಭವಿ ಪೆಥಾಲಜಿಸ್ಟರಿಗೂ ಕೆಲವೊಮ್ಮೆ ಕಷ್ಟವೇ. ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ಇಂಥ ಕೇವಲ ನಾಲ್ಕು ಗಡ್ಡೆಗಳ ಆರ್‌ಎನ್‌ಎಯನ್ನು, ಅಂದರೆ ಜೀನುಗಳಿಂದ ಕೋಶ ತೆಗೆದ ನಕಲು ಪ್ರತಿಗಳನ್ನು, ಓದಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕರಲ್ಲೂ ಫಾಕ್ಸ್‌ಎಲ್2 ಎಂಬ ಜೀನಿನ 402ನೆಯ ಸ್ಥಾನದಲ್ಲಿ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ 'ಸಿ' ಹೋಗಿ 'ಜಿ' ಬಂದಿತ್ತು. ಇದರಿಂದ 'ಟಿಜಿಸಿ' ಎಂಬ ಸಂಕೇತ 'ಟಿಜಿಜಿ' ಆಗುತ್ತದೆ. ಪ್ರೊಟೀನಿನ 134ನೆಯ ಜಾಗದಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಬದಲು ಟ್ರಿಪ್ಟೊಫ್ಯಾನ್ ಕೂರುತ್ತದೆ. ಅಂಡಾಶಯದ ಗ್ರ್ಯಾನುಲೋಸಾ ಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವ ಪ್ರೊಟೀನ್ ಅದು.

ಬಳಿಕ ವಯಸ್ಕ ಬಗೆಯ ಇನ್ನೂ 89 ಗಡ್ಡೆಗಳನ್ನು ಪರೀಕ್ಷಿಸಿದಾಗ 86ರಲ್ಲಿ ಇದೇ ಬದಲಾವಣೆ ಸಿಕ್ಕಿತು. ಆದರೆ ಎಳೆಯರಲ್ಲಿ ಹೆಚ್ಚಾಗಿ ಕಾಣುವ ಬಗೆಯ 10 ಗಡ್ಡೆಗಳಲ್ಲಿ ಅದು ಇದ್ದದ್ದು ಒಂದರಲ್ಲಿ ಮಾತ್ರ. ಹೆಸರು ಒಂದೇ ಆದರೂ ಇವು ಬೇರೆ ಬೇರೆ ರೋಗಗಳು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ರೋಗಿಗಳು ವಿರಳವಾದರೆ ಸಂಶೋಧನೆ ಕುಂಟುತ್ತದೆ ಎಂಬುದು ನಿಜವಾದರೂ, ಅರ್ಧ ನಿಜ. ಧೂಮಪಾನಿಯ ಶ್ವಾಸಕೋಶದ ಗಡ್ಡೆಯಲ್ಲಿ ಸಾವಿರಾರು ರೂಪಾಂತರಗಳಿರುತ್ತವೆ; ಅವುಗಳಲ್ಲಿ ರೋಗಕ್ಕೆ ಕಾರಣವಾದದ್ದನ್ನು ಹುಡುಕುವುದೆಂದರೆ ಸಂತೆಯ ಗದ್ದಲದಲ್ಲಿ ಒಬ್ಬರ ದನಿ ಹಿಡಿದಂತೆ. ಮಕ್ಕಳ ಗಡ್ಡೆಗಳ ಜೀನೋಮ್‌ನಲ್ಲಿ ಸಾಮಾನ್ಯವಾಗಿ ಅಷ್ಟು ಗದ್ದಲವಿರುವುದಿಲ್ಲ. ಹದಿಹರೆಯದವರಲ್ಲಿ, ಯುವಜನರಲ್ಲಿ ಕಾಣಿಸುವ ಫೈಬ್ರೊಲ್ಯಾಮೆಲ್ಲರ್ ಯಕೃತ್ ಕ್ಯಾನ್ಸರನ್ನೇ ನೋಡಿ. 19ನೆಯ ಕ್ರೋಮೋಸೋಮಿನ ಒಂದು ತುಂಡು ಕಳಚಿಹೋಗಿ ಎರಡು ಜೀನುಗಳು ಬೆಸೆದುಕೊಂಡಿರುವುದು 2014ರಲ್ಲಿ ಪ್ರಕಟವಾದ ಅಧ್ಯಯನದ 15 ಗಡ್ಡೆಗಳಲ್ಲಿ ಹದಿನೈದರಲ್ಲೂ ಕಂಡುಬಂತು. ಆ ಅಧ್ಯಯನದಲ್ಲಿ ದುಡಿದವರಲ್ಲಿ ಒಬ್ಬಾಕೆ ಬಾಲ್ಯದಲ್ಲಿ ಸ್ವತಃ ಇದೇ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದ ವಿದ್ಯಾರ್ಥಿನಿ.

ಕಾರಣ ತಿಳಿದ ಮಾತ್ರಕ್ಕೆ ಮದ್ದು ಸಿಗುವುದಿಲ್ಲ. ಫಾಕ್ಸ್‌ಎಲ್2 ಬದಲಾವಣೆ ರೋಗನಿರ್ಣಯಕ್ಕೆ ಒದಗಿತು, ಚಿಕಿತ್ಸೆಗೆ ಅಷ್ಟಾಗಿ ಒದಗಲಿಲ್ಲ. ಶಿಶುಗಳ ಫೈಬ್ರೊಸಾರ್ಕೋಮಾದ (ನಾರಿನಂಥ ಮೃದು ಅಂಗಾಂಶದ ಕ್ಯಾನ್ಸರ್) ಕಥೆ ಬೇರೆ. ಅದರಲ್ಲಿ ಇಟಿವಿ6 ಮತ್ತು ಎನ್‌ಟಿಆರ್‌ಕೆ3 ಜೀನುಗಳು ಬೆಸೆದುಕೊಳ್ಳುತ್ತವೆಂದು 1998ರಲ್ಲೇ ತಿಳಿದಿತ್ತು. ಎನ್‌ಟಿಆರ್‌ಕೆ ಕುಟುಂಬದ ಜೀನುಗಳ ಬೆಸುಗೆ ವಯಸ್ಕರ ಲಾಲಾಗ್ರಂಥಿ, ಥೈರಾಯ್ಡ್ ಮುಂತಾದ ಅಂಗಗಳ ಕೆಲವು ಗಡ್ಡೆಗಳಲ್ಲೂ ಸಿಕ್ಕಿತು. ಈ ಬೆಸುಗೆಯಿಂದ ಹುಟ್ಟುವ ಪ್ರೊಟೀನನ್ನು ತಡೆಯುವ ಲಾರೊಟ್ರೆಕ್ಟಿನಿಬ್ ಔಷಧವನ್ನು ನಾಲ್ಕು ತಿಂಗಳ ಕೂಸಿನಿಂದ 76 ವರ್ಷದವರವರೆಗೆ, 17 ಬಗೆಯ ಕ್ಯಾನ್ಸರ್ ಇದ್ದ 55 ರೋಗಿಗಳಿಗೆ ಕೊಟ್ಟಾಗ ಶೇ. 75 ಮಂದಿಯಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿತು. 2018ರ ನವೆಂಬರಿನಲ್ಲಿ ಅಮೆರಿಕ, ಗಡ್ಡೆ ಯಾವ ಅಂಗದ್ದೆಂದು ನೋಡದೆ, ಬೆಸುಗೆ ಇದೆಯೇ ಎಂಬುದನ್ನಷ್ಟೇ ನೋಡಿ ಈ ಔಷಧಕ್ಕೆ ಒಪ್ಪಿಗೆ ನೀಡಿತು.

ಆದರೆ ಬೆಸುಗೆಯನ್ನು ಹುಡುಕಿದರೆ ತಾನೇ ಸಿಗುವುದು? ಫಾರ್ಮಲಿನ್‌ನಲ್ಲಿಟ್ಟು ಮೇಣದ ಅಚ್ಚಿನಲ್ಲಿ ಕೂಡಿಸಿದ ಅಂಗಾಂಶದಲ್ಲಿ, ಬೆಸುಗೆಯ ಗುರುತು ಹುಡುಕಬೇಕಾದ ಆರ್‌ಎನ್‌ಎ ಚೂರುಚೂರಾಗಿರುತ್ತದೆ. ಆದ್ದರಿಂದ ಅನೇಕ ಪ್ರಯೋಗಾಲಯಗಳು ಮೊದಲು ಅಗ್ಗದ ಪ್ರತಿಕಾಯ ಬಣ್ಣದ ಪರೀಕ್ಷೆಯಿಂದ (ಪ್ರೊಟೀನಿಗೆ ಅಂಟುವ ಪ್ರತಿಕಾಯ ಬಳಸಿ ಅದು ಇರುವಲ್ಲಿ ಬಣ್ಣ ಮೂಡಿಸುವ ವಿಧಾನ) ಗಡ್ಡೆಗಳನ್ನು ಸೋಸಿ, ಬಣ್ಣ ಹಿಡಿದವುಗಳನ್ನು ಮಾತ್ರ ಜೀನೋಮ್ ಪರೀಕ್ಷೆಗೆ ಕಳುಹಿಸುತ್ತವೆ.