ಹಳೆಯ ಉದ್ಯಾನದ ಜೀವ ಎರಡು ಅಡಿ ಮಣ್ಣಿನಲ್ಲಿದೆ

ನಗರದ ಹಳೆಯ ಉದ್ಯಾನವನ್ನು ಉಳಿಸುವ ಮಾತು ಬಂದ ಕೂಡಲೇ ಒತ್ತುವರಿ, ಸರ್ವೆ, ಕೋರ್ಟು ಎಂದು ಚರ್ಚೆ ಶುರುವಾಗುತ್ತದೆ. ಅವೂ ಬೇಕು. ಆದರೆ ಗಡಿಕಲ್ಲು ಒಂದಿಂಚೂ ಅಲುಗದೆ ಉದ್ಯಾನ ಒಳಗೊಳಗೇ ಸಾಯುವುದು ಅದಕ್ಕಿಂತ ಹೆಚ್ಚು. ಒಳಗೆ ಲಾರಿ ಬರುತ್ತದೆ, ಹೊಸ ನಡಿಗೆಪಥ ಬರುತ್ತದೆ, ದೀಪಕ್ಕೆ ಕೇಬಲ್ಲಿನ ಕಾಲುವೆ ಬರುತ್ತದೆ. ಬಿಲ್ಲು ಪಾಸಾಗಿ ನಾಲ್ಕೈದು ವರ್ಷ ಕಳೆದ ಮೇಲೆ ಮರದ ತುದಿ ಒಣಗಲು ತೊಡಗುತ್ತದೆ. ಆಗ ಎಲ್ಲರೂ ರೋಗ ಹುಡುಕುತ್ತಾರೆ.

ಮರದ ಬೇರು ಮರದ ಎತ್ತರದಷ್ಟೇ ಆಳಕ್ಕೆ ಇಳಿದಿರುತ್ತದೆ ಎಂಬ ನಂಬಿಕೆಯೇ ಅರ್ಧ ಅನಾಹುತಕ್ಕೆ ಕಾರಣ. ನೀರು, ಸಾರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ 60 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ಹರವನ್ನು ದಾಟಿ ಹಬ್ಬಿರುತ್ತವೆ. ಕಾಮಗಾರಿಯ ವೇಳೆ ಮರಗಳನ್ನು ಕಾಯಲು ಇರುವ ಬ್ರಿಟಿಷ್ ಮಾನಕ ಬಿ.ಎಸ್. 5837ರ ಲೆಕ್ಕ ಇದು: ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಅಳೆದು, ಅದರ 12 ಪಟ್ಟು ದೂರಕ್ಕೆ ಸುತ್ತಲೂ ವೃತ್ತ ಎಳೆಯಬೇಕು, ತ್ರಿಜ್ಯದ ಮಿತಿ 15 ಮೀಟರ್. ಕಾಂಡ 80 ಸೆಂ.ಮೀ. ಇದ್ದರೆ ವೃತ್ತದ ತ್ರಿಜ್ಯ 9.6 ಮೀಟರ್, ಅಂದರೆ ಸುಮಾರು 290 ಚದರ ಮೀಟರ್ ನೆಲ. ಬರೀ ಟೇಪು ಹಿಡಿದು ಹೋದವರಿಗೆ ಸುಲಭದ ದಾರಿ: ಕಾಂಡದ ಸುತ್ತಳತೆಯ ನಾಲ್ಕು ಪಟ್ಟು ಎಂದಿಟ್ಟುಕೊಂಡರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಪೊಟರೆ ಬಿದ್ದ ಮುದಿಮರಕ್ಕೆ 12 ಸಾಲದು. ವ್ಯಾಸದ 15 ಪಟ್ಟು ಅಥವಾ ಕೊಂಬೆಯ ಅಂಚಿನಿಂದ ಆಚೆಗೆ 5 ಮೀಟರ್, ಯಾವುದು ಹೆಚ್ಚೋ ಅದು. ಈ ವೃತ್ತಕ್ಕೆ ಬೇಲಿ ಬೀಳಬೇಕಾದದ್ದು ಮೊದಲ ಲಾರಿ ಒಳಬರುವ ಮುಂಚೆ. ಹಸಿ ಮಣ್ಣಿನ ಮೇಲೆ ಭಾರದ ಗಾಡಿ ಮೊದಲ ಕೆಲವು ಸಲ ಓಡಾಡುವಾಗಲೇ ಆಗಬೇಕಾದ ಹಾನಿಯ ಬಹುಪಾಲು ಆಗಿಹೋಗುತ್ತದೆ. ‘ಒಂದೇ ಸಲ, ಮರಳು ಸುರಿದು ಹೋಗ್ತೀವಿ’ ಎನ್ನುವ ಮಾತಿಗೆ ಮಣಿಯಬಾರದು.

ಮಣ್ಣು ಗಟ್ಟಿಯಾದರೆ ಅದರೊಳಗಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ. ಮಳೆನೀರು ಮೇಲೇ ಹರಿದುಹೋಗುತ್ತದೆ, ಬೇರಿಗೆ ಉಸಿರಿರುವುದಿಲ್ಲ. ಇದನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟದ್ದು ಒಂದು ಬಿರುಗಾಳಿ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1987ರ ಅಕ್ಟೋಬರಿನ ಗಾಳಿಗೆ ಸುಮಾರು 700 ಮರಗಳು ಹೋದವು. ಅಲ್ಲಿ 1798ರಲ್ಲಿ ನೆಟ್ಟ ಟರ್ನರ್ ಓಕ್ ಎಂಬ ಮರವಿದೆ. ಗಾಳಿ ಬೀಸುವ ಮುಂಚೆಯೇ ಅದು ಸೊರಗಿತ್ತು. ಗಾಳಿ ಅದನ್ನು ಬೇರುಮುದ್ದೆಯ ಸಮೇತ ಮೇಲಕ್ಕೆತ್ತಿ ಮತ್ತೆ ಅದೇ ಕುಳಿಯಲ್ಲಿ ಕೂರಿಸಿತು. ಸಿಬ್ಬಂದಿ ಊರೆ ಕೊಟ್ಟು ನಿಲ್ಲಿಸಿ, ಬಿದ್ದ ಮರಗಳ ಕೆಲಸಕ್ಕೆ ಹೋದರು. ಮೂರು ವರ್ಷದ ನಂತರ ಬಂದು ನೋಡಿದರೆ ಮರ ಸೊಂಪಾಗಿ ಚಿಗುರಿತ್ತು. ಜನರ ಕಾಲ್ತುಳಿತಕ್ಕೆ ಕಲ್ಲಾಗಿದ್ದ ಮಣ್ಣನ್ನು ಗಾಳಿ ಒಮ್ಮೆ ಅಲುಗಾಡಿಸಿ ಸಡಿಲ ಮಾಡಿತ್ತು, ಅಷ್ಟೆ. ಆಮೇಲೆ ಕ್ಯೂದವರು ಮಣ್ಣಿನೊಳಗೆ ಒತ್ತಡದ ಗಾಳಿ ಹಾಯಿಸಿ ಸಡಿಲ ಮಾಡುವುದನ್ನೇ ಮರಗಳ ಆರೈಕೆಯ ಭಾಗವಾಗಿಸಿಕೊಂಡರು.

ಪರೀಕ್ಷೆಗೆ ಪ್ರಯೋಗಾಲಯ ಬೇಡ. ಚೆನ್ನಾಗಿ ಮಳೆಬಿದ್ದ ಮರುದಿನ ಬೆರಳು ಗಾತ್ರದ ಕಬ್ಬಿಣದ ಸಲಾಕೆಯನ್ನು ಕೈಯಿಂದ ಒತ್ತಿ. ಒಂದು ಗೇಣೂ ಇಳಿಯದಿದ್ದರೆ ಬೇರೂ ಇಳಿಯುವುದಿಲ್ಲ. ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೇ ಸಲ ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಮಣ್ಣು ಬಿಗಿದಿದೆ ಅಥವಾ ಕೆಳಗೆ ನೀರು ಕಟ್ಟಿಕೊಂಡಿದೆ ಎಂದರ್ಥ.

ರಿಪೇರಿಗೆ ಗುದ್ದಲಿ ಹಿಡಿಯಬೇಡಿ, ಟಿಲ್ಲರ್ ಅಂತೂ ಬೇಡವೇ ಬೇಡ. ಒತ್ತಡದ ಗಾಳಿಯ ಕೊಳವೆಯಿಂದ, ಬುಡದಿಂದ ಎರಡು ಮೀಟರಿನಷ್ಟು ಬಿಟ್ಟು, ಚಕ್ರದ ಅರೆಗಳ ಹಾಗೆ ಹೊರಮುಖವಾಗಿ ಒಂದಡಿ ಆಳದ ಕಾಲುವೆಗಳನ್ನು ಬಿಡಿಸಬೇಕು. ಮಣ್ಣು ಹಾರುತ್ತದೆ, ಬೇರು ಉಳಿಯುತ್ತದೆ. ಕಾಣಿಸಿದ ಬೇರಿಗೆ ಕೂಡಲೇ ಒದ್ದೆ ಗೋಣಿ ಹೊದಿಸಿ, ಅದೇ ದಿನ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿದ ಅದೇ ಮಣ್ಣನ್ನು ಮುಚ್ಚಬೇಕು. ಮೇಲೆ 5ರಿಂದ 10 ಸೆಂ.ಮೀ. ತರಗೆಲೆ ಅಥವಾ ಮರದ ಚೂರಿನ ಹೊದಿಕೆ ಹಾಕಿ. ಬುಡಕ್ಕೆ ತಾಗಿಸಬಾರದು, ಒಂದು ಗೇಣು ಬಿಡಬೇಕು. ತಾಗಿಸಿದರೆ ತೊಗಟೆ ಕೊಳೆಯುತ್ತದೆ. ಹಳೆಯ ಮರದ ಸುತ್ತ ಹೊಸದಾಗಿ ಕಟ್ಟೆ ಕಟ್ಟಿ ಮಣ್ಣು ತುಂಬುವವರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಾರೆ. ಕೂರಲು ಚೆನ್ನ, ಮರಕ್ಕೆ ಕುತ್ತು.

ಕೇಬಲ್, ಪೈಪು ಅನಿವಾರ್ಯವಾದರೆ ವೃತ್ತದ ಹೊರಗೆ ಸುತ್ತಿ ಹೋಗಲಿ. ಆಗದಿದ್ದರೆ ಬೇರಿನ ಪದರದ ಕೆಳಗಿಂದ ಸುರಂಗ ಕೊರೆದು ದಾಟಿಸಬೇಕು. ಕೈಯಿಂದ ಅಗೆಯುವಾಗ 2.5 ಸೆಂ.ಮೀ.ಗಿಂತ ದಪ್ಪದ ಬೇರು ಸಿಕ್ಕರೆ ಮರದ ತಜ್ಞರು ಬಂದು ನೋಡುವ ತನಕ ಕತ್ತರಿಸುವಂತಿಲ್ಲ.

ಆಟದ ಮೈದಾನದ ಮಾತು ಸ್ವಲ್ಪ ಬೇರೆ. ಅಲ್ಲಿ ತುಳಿತವೇ ಬದುಕು. ಗೋಲುಕಂಬಗಳನ್ನು ಆಗಾಗ ಹತ್ತು ಹೆಜ್ಜೆ ಸರಿಸಿ, ಹುಲ್ಲಿಗೆ ಸರದಿಯ ಮೇಲೆ ಬಿಡುವು ಕೊಡಿ. ನೆಲ ಒದ್ದೆಯಿದ್ದ ದಿನ ಸಭೆ-ಸಮಾರಂಭಕ್ಕೆ ಇಲ್ಲ ಎನ್ನುವ ಷರತ್ತು ಅನುಮತಿ ಪತ್ರದಲ್ಲೇ ಇರಲಿ. ಹುಲ್ಲುಹಾಸಿನ ಮೇಲೆ ಜನ ಸವೆಸಿದ ಕಾಲುದಾರಿ ಕಂಡರೆ ಬೇಲಿ ಹಾಕುವ ಮುಂಚೆ, ಮೂಲ ನಕ್ಷೆಯಲ್ಲಿ ಅಲ್ಲೊಂದು ದಾರಿ ಇತ್ತೇ ನೋಡಿ.

ಕೊಳದ ವಿಷಯದಲ್ಲಿ ಆಗುವ ತಪ್ಪು ಮಾತ್ರ ಸರಿಪಡಿಸಲಾಗದ್ದು. ಹಳೆಯ ಉದ್ಯಾನಗಳ ಎಷ್ಟೋ ಕೊಳಗಳ ತಳಕ್ಕೆ ಸಿಮೆಂಟಿಲ್ಲ. ಜೇಡಿಮಣ್ಣನ್ನು ನೀರು ಹಾಕಿ ತುಳಿದು, ನಾದಿ ಕೂರಿಸಿದ ಪದರ ಅದು. ಒದ್ದೆಯಾಗಿರುವ ತನಕ ಒಂದು ಹನಿ ಸೋರುವುದಿಲ್ಲ. ಹೂಳೆತ್ತಲೆಂದು ಬೇಸಿಗೆಯಲ್ಲಿ ಪೂರ್ತಿ ಖಾಲಿ ಮಾಡಿ ವಾರಗಟ್ಟಲೆ ಬಿಟ್ಟರೆ ಜೇಡಿ ಒಣಗಿ ಬಿರಿಯುತ್ತದೆ. ಮತ್ತೆ ನೀರು ತುಂಬಿದರೆ ಎಲ್ಲ ಬಿರುಕೂ ಕೂಡಿಕೊಳ್ಳುವುದಿಲ್ಲ. ಜೆಸಿಬಿಯ ಹಲ್ಲು ಹೂಳು ಯಾವುದು, ಪದರ ಯಾವುದು ಎಂದು ನೋಡುವುದೂ ಇಲ್ಲ. ಅಡ್ಡ ಒಡ್ಡು ಹಾಕಿಕೊಂಡು ಭಾಗಭಾಗವಾಗಿ ಹೂಳೆತ್ತಿ. ತಳಕ್ಕೆ ಗೂಟ ಹೊಡೆಯುವ ಕಾರಂಜಿ, ದೋಣಿಕಟ್ಟೆ ಯಾವುದಕ್ಕೂ ಒಪ್ಪಬೇಡಿ.

ಹಳೆಯ ಸುಣ್ಣದ ಗಾರೆಯ ಗೋಡೆಯ ಸಂದಿಗೆ ಸಿಮೆಂಟ್ ಮೆತ್ತುವುದೂ ಇದೇ ಜಾತಿಯ ತಪ್ಪು. ಸಿಮೆಂಟ್ ಇಟ್ಟಿಗೆಗಿಂತ ಗಟ್ಟಿ. ಗೋಡೆಯೊಳಗಿನ ತೇವ ಸಂದಿಯಿಂದ ಹೊರಬರಲಾಗದೆ ಇಟ್ಟಿಗೆಯ ಮೈಯಿಂದಲೇ ಬರುತ್ತದೆ, ಉಪ್ಪು ಕಟ್ಟಿ ಮೈ ಉದುರುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ತಾಳ್ಮೆ: ಇಷ್ಟೇ ಬೇಕಾದದ್ದು.

ಸಾಲುಮರಗಳಲ್ಲಿ ಒಂದು ಬಿದ್ದರೆ ಆ ಜಾಗಕ್ಕೆ ಒಂದು ಸಸಿ ನೆಡುವುದು ಎಲ್ಲರ ರೂಢಿ. ಅಕ್ಕಪಕ್ಕದ ದೈತ್ಯರ ನೆರಳು, ಬೇರಿನ ಪೈಪೋಟಿಯಲ್ಲಿ ಅದು ಬೆಳಕು ಹುಡುಕುತ್ತಾ ಓರೆಯಾಗಿ, ಸೊರಗಿ ಬೆಳೆಯುತ್ತದೆ. ಒಂದು ತುಂಡು ಸಾಲನ್ನೇ ಒಟ್ಟಿಗೆ ಬದಲಿಸುವುದು ನೋಡಲು ಕ್ರೂರ, ಆದರೆ ಸಾಲು ಸಾಲಾಗಿ ಉಳಿಯಲು ಅದೇ ದಾರಿ. ಇಡೀ ಉದ್ಯಾನದಲ್ಲಿ ಒಂದೇ ವಯಸ್ಸಿನ ಮರಗಳಿದ್ದರೆ ಅಪಾಯ ಇನ್ನೂ ದೊಡ್ಡದು. 1999ರ ಡಿಸೆಂಬರಿನ ಗಾಳಿಗೆ ಫ್ರಾನ್ಸಿನ ವರ್ಸೈಲ್ಸ್ ಅರಮನೆಯ ಉದ್ಯಾನ ಸುಮಾರು 10,000 ಮರ ಕಳೆದುಕೊಂಡಿತು.

ಇದಕ್ಕೆಲ್ಲ ಮೊದಲು ಕಡತ. ಐತಿಹಾಸಿಕ ಉದ್ಯಾನಗಳಿಗಾಗಿ 1981ರಲ್ಲಿ ರೂಪಿಸಿದ ಫ್ಲಾರೆನ್ಸ್ ಸನ್ನದು, ಪೂರ್ಣ ಸಂಶೋಧನೆಯಿಲ್ಲದೆ ಜೀರ್ಣೋದ್ಧಾರಕ್ಕೆ ಕೈಹಾಕಬಾರದು ಎನ್ನುತ್ತದೆ. ಅದು ಬರೀ ವಿಧಿಯಲ್ಲ. 1858ರಲ್ಲಿ ಓಮ್‌ಸ್ಟೆಡ್ ಮತ್ತು ವಾಕ್ಸ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಮಾಡಿದ ನಕ್ಷೆಯಲ್ಲಿ ಅಡ್ಡ ಹಾಯುವ ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದ್ದರು, ಹುಲ್ಲಿನ ಮೇಲೆ ನಿಂತವರಿಗೆ ಗಾಡಿ ಕಾಣದಿರಲಿ ಎಂದು. ನಕ್ಷೆ ಓದದವನಿಗೆ ಅಂಥ ತಗ್ಗು ಬರೀ ತಗ್ಗಾಗಿ ಕಾಣುತ್ತದೆ, ಖಾಲಿ ಹುಲ್ಲುಗಾವಲು ಪ್ರತಿಮೆ ನಿಲ್ಲಿಸಲು ಒಳ್ಳೆಯ ಜಾಗವಾಗಿ ಕಾಣುತ್ತದೆ.

ಕೊನೆಗೆ ಟೆಂಡರಿನ ಮಾತು. ಬೇಲಿಯ ಖರ್ಚನ್ನು ಪ್ರತ್ಯೇಕ ಬಾಬತ್ತಾಗಿ ಬರೆಯಿರಿ, ಇಲ್ಲದಿದ್ದರೆ ಗುತ್ತಿಗೆದಾರ ಮೊದಲು ಕೈಬಿಡುವುದು ಅದನ್ನೇ. ಪ್ರತಿ ಮರದ ಫೋಟೊ, ಸುತ್ತಳತೆ, ದಂಡದ ಮೊತ್ತ ಕರಾರಿಗೆ ಲಗತ್ತಾಗಿರಲಿ. ಬಿಲ್ಲಿನ ಒಂದು ಪಾಲನ್ನು ಕನಿಷ್ಠ ಮೂರು ಚಿಗುರುಕಾಲ ದಾಟುವ ತನಕ ಹಿಡಿದಿಡಿ, ಮತ್ತು ಅಷ್ಟು ಹೊತ್ತಿಗೆ ಎಂಜಿನಿಯರಿಗೆ ವರ್ಗಾವಣೆಯಾಗಿರುತ್ತದೆ ಎಂದುಕೊಂಡೇ ಕಡತ ಸಿದ್ಧಪಡಿಸಿ.