ಓಟಿ ಗಡಿಯಾರ, ಪಿಜಿ ಕೈ: ಒಂದು ಹರ್ನಿಯಾ ಕೇಸಿನ ಲೆಕ್ಕ

"ಜಲ್ದಿ ಮುಗಸ್ರಿ" ಅನ್ನುವ ಮಾತು ಕಲಬುರಗಿಯಲ್ಲಿ ಸರ್ಜರಿ ಪಿಜಿ (ಸ್ನಾತಕೋತ್ತರ ಕೋರ್ಸ್, ಎಂ.ಎಸ್.) ಮಾಡುವ ಯಾರಿಗೂ ಹೊಸದಲ್ಲ. ಓಟಿ (ಆಪರೇಷನ್ ಥಿಯೇಟರ್) ಲಿಸ್ಟಿನಲ್ಲಿ ಐದು ಕೇಸು. ಕೊನೆಯವರು ಆಳಂದ ಕಡೆಯ ಅಜ್ಜ, ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲ. ನಮ್ಮ ಕೈ ತಡವಾದಷ್ಟೂ ಅವರ ಉಪವಾಸ ಬೆಳೆಯುತ್ತದೆ. ಹಾಗಂತ ಎಲ್ಲ ಕೇಸು ಸರ್ (ಹಿರಿಯ ಸರ್ಜನ್) ಒಬ್ಬರೇ ಮಾಡಿದರೆ, ಮೂರು ವರ್ಷ ಗಾಯ ಅಗಲಿಸುವ ರಿಟ್ರಾಕ್ಟರ್ ಹಿಡಿದೇ ನಮ್ಮ ಎಂ.ಎಸ್. ಮುಗಿಯುತ್ತದೆ.

ತಡ ಆಗುವುದು ಪಿಜಿ ಕೈಯಿಂದಲೇ ಅನ್ನುವುದು ಅರ್ಧ ಸುಳ್ಳು. ಒಂದು ದಿನ ಕುತೂಹಲಕ್ಕೆ ಟೈಮ್ ಬರೆದಿಟ್ಟೆ. ಮೊದಲ ಕೇಸು 9ಕ್ಕೆ ಅಂತ ಇತ್ತು, ಇನ್ಸಿಷನ್ (ಚರ್ಮ ಕೊಯ್ಯುವುದು) ಆಗಿದ್ದು 9.50ಕ್ಕೆ. ಫೈಲಿನಲ್ಲಿ ಇಸಿಜಿ ಇರಲಿಲ್ಲ. ಹಿಂದಿನ ಸಂಜೆ ಅದನ್ನು ನೋಡಬೇಕಿದ್ದವನು ನಾನೇ! ಅಷ್ಟು ಹೊತ್ತಿನಲ್ಲಿ ನಿಧಾನಗೈಯ ಜೂನಿಯರ್ ಕೂಡ ಆರಾಮಾಗಿ ಚರ್ಮ ಹೊಲಿದು ಮುಗಿಸುತ್ತಿದ್ದ. ಒಂದು ಕೇಸು ಹೊರಹೋಗಿ ಇನ್ನೊಂದು ಒಳಬರುವ ಟರ್ನೋವರ್ ಟೈಮೂ ಹಾಗೆಯೇ. ಮುಂದಿನ ರೋಗಿಗೆ ಪಕ್ಕದ ಕೋಣೆಯಲ್ಲೇ ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಟ್ಟರೆ ಟೈಮ್ ಉಳಿಯುತ್ತದೆ ನಿಜ, ಆದರೆ ಅದಕ್ಕೆ ಇನ್ನೊಬ್ಬ ಅನಸ್ತೇಷಿಯಾದವರು ಬೇಕು.

ಇನ್ನು ಟೇಬಲ್ ಮೇಲಿನ ಲೆಕ್ಕ. ಹೆವಿ ಬುಪಿವಕೇನ್ ಅನ್ನುವ ಮದ್ದಿನ ಸ್ಪೈನಲ್ ಸುಮಾರು ಒಂದೂವರೆಯಿಂದ ಎರಡು ಗಂಟೆ ಕೊಡುತ್ತದೆ. ಕಲಿಕೆಗೆ ಇರುವ ಬೇಲಿ ಅದೇ. ಅದಕ್ಕೇ ತೊಡೆಸಂದಿನ ಹರ್ನಿಯಾಕ್ಕೆ ಮೆಶ್ (ಬಲೆ) ಹಾಕುವ ಲಿಕ್ಟೆನ್‌ಸ್ಟೈನ್ ರಿಪೇರಿಯನ್ನು ತುಂಡು ಮಾಡಿ ನೋಡಿ. ಎಕ್ಸ್‌ಟರ್ನಲ್ ಆಬ್ಲಿಕ್ (ಹೊಟ್ಟೆಯ ಹೊರಸ್ನಾಯುವಿನ ಪದರ) ಮುಚ್ಚುವುದು, ಚರ್ಮ ಹೊಲಿಯುವುದು ಮೊದಲ ವರ್ಷದವರಿಗೆ. ಮೆಶ್‌ನ ಕೆಳಗಂಚನ್ನು ಇಂಗ್ವೈನಲ್ ಲಿಗಮೆಂಟಿಗೆ (ತೊಡೆಸಂದಿನ ಗಟ್ಟಿ ಪಟ್ಟಿಗೆ) ಹೊಲಿಯುವುದು ಎರಡನೇ ವರ್ಷದವರಿಗೆ. ಮೊದಲ ಹೊಲಿಗೆ ಪ್ಯೂಬಿಕ್ ಟ್ಯೂಬರ್ಕಲ್ (ಕಿಬ್ಬೊಟ್ಟೆ ಕೆಳಗಿನ ಎಲುಬಿನ ಉಬ್ಬು) ಹತ್ತಿರ, ಮೆಶ್ ಅದನ್ನು ದಾಟಿ ಒಂದೆರಡು ಸೆಂಟಿಮೀಟರ್ ಒಳಗೆ ಚಾಚಿರಲಿ. ಸೂಜಿ ಎಲುಬಿನ ಪೊರೆಗೆ ಹೋದರೆ ರೋಗಿ ತಿಂಗಳುಗಟ್ಟಲೆ ನೋವು ಅನ್ನುತ್ತಾನೆ. ಕಾರ್ಡಿನಿಂದ (ವೃಷಣಕ್ಕೆ ಹೋಗುವ ನಾಳಗಳ ಹುರಿಯಿಂದ) ಸ್ಯಾಕ್ (ಹರ್ನಿಯಾದ ಚೀಲ) ಬಿಡಿಸುವುದು ಕೊನೆಯ ವರ್ಷದ್ದು, ಯಾಕೆಂದರೆ ವಾಸ್ (ವೀರ್ಯನಾಳ) ಅಲ್ಲೇ ಅಂಟಿಕೊಂಡಿರುತ್ತದೆ.

ಕಲಿಯುವವರಿಗೆ ಎಷ್ಟು ಬಿಟ್ಟುಕೊಡುತ್ತಾರೆ ಅಂತ ಅಳೆಯುವ ಜ್ವಿಶ್ ಸ್ಕೇಲ್ ಓದಿದ್ದರೆ ನೆನಪಿಸಿಕೊಳ್ಳಿ: ಸರ್ ಮಾಡಿ ತೋರಿಸುವುದು, ಕೈ ಹಿಡಿದು ಮಾಡಿಸುವುದು, ನಾವು ಮಾಡುವಾಗ ಅಸಿಸ್ಟ್ ಮಾಡುವುದು, ಬರೀ ನಿಂತು ನೋಡುವುದು, ಹೀಗೆ ನಾಲ್ಕು ಮೆಟ್ಟಿಲು. ಇಡೀ ಕೇಸಿಗೆ ಒಂದೇ ಮೆಟ್ಟಿಲು ಇರಬೇಕಿಲ್ಲ. ಹೊಲಿಗೆಯಲ್ಲಿ ಮೂರನೆಯದು, ಸ್ಯಾಕ್‌ನಲ್ಲಿ ಮೊದಲನೆಯದು ಇದ್ದರೆ ನಡೆಯುತ್ತದೆ.

ಇದನ್ನು ಕೇಳುವ ಜಾಗ ಟೇಬಲ್ ಅಲ್ಲ, ಕೈ ತೊಳೆಯುವ ಸಿಂಕ್. "ಸರ್, ಇವತ್ತ ಕೆಳಗಂಚು ನನಗ ಕೊಡ್ರಿ, ಇಪ್ಪತ್ತು ನಿಮಿಷದಾಗ ಆಗಲಿಲ್ಲಂದ್ರ ನೀವೇ ತಗೋರಿ" ಅಂದು ನೋಡಿ. ಬರೀ "ಕೇಸ್ ಕೊಡ್ರಿ" ಅಂದಾಗ ಸಿಗದ್ದು ಹೀಗೆ ಸಿಗುತ್ತದೆ. ಗಂಟು ಹಾಕುವುದನ್ನು ಮಾತ್ರ ಓಟಿಯಲ್ಲಿ ಕಲಿಯಬೇಡಿ, ಅದಕ್ಕೆ ಹಾಸ್ಟೆಲ್ ಮಂಚದ ಕಂಬಿ ಇದೆ.

ರಾತ್ರಿ ಎರಡಕ್ಕೆ ಸ್ಟ್ರ್ಯಾಂಗ್ಯುಲೇಟ್ ಆದ (ಸಿಕ್ಕಿಕೊಂಡು ರಕ್ತ ನಿಂತ) ಹರ್ನಿಯಾ ಬಂದರೆ ಈ ಲೆಕ್ಕ ಯಾವುದೂ ಇಲ್ಲ. ಆಗ ರಿಟ್ರಾಕ್ಟರ್ ಹಿಡಿದು, ಕರುಳಿನ ಬಣ್ಣ ತಿರುಗುತ್ತದಾ ಅಂತ ಸರ್ ಜೊತೆ ನೋಡುತ್ತ ನಿಲ್ಲಿ.