ಖೆಡೋಖನ್: ಅಪರಾಧ ಹೌದು, ಕೇಸು ಇಲ್ಲ

ಆಮ್‌ಸ್ಟರ್‌ಡ್ಯಾಮಿಗೆ ಹೊರಟವರಲ್ಲಿ ಬಹಳಷ್ಟು ಮಂದಿ ಅಲ್ಲಿ ಗಾಂಜಾ ಕಾನೂನುಬದ್ಧ ಎಂದೇ ನಂಬಿರುತ್ತಾರೆ. ಹಾಗೇನಿಲ್ಲ. ನೆದರ್‌ಲ್ಯಾಂಡ್ಸಿನ ಅಫೀಮು ಕಾಯ್ದೆಯಲ್ಲಿ ಗಾಂಜಾ ಬೆಳೆಯುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ಇಂದಿಗೂ ನಿಷಿದ್ಧ. ಆದರೂ ನಗರದ ಸುಮಾರು 160 ‘ಕಾಫಿಶಾಪ್’ಗಳಲ್ಲಿ ಹಾಡಹಗಲೇ ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಈ ವ್ಯವಸ್ಥೆಗೆ ಡಚ್ಚರ ಹೆಸರು ಖೆಡೋಖನ್.

ಸಹಿಷ್ಣುತೆ ಎಂದರೆ ಅರ್ಥ ಪೂರ್ತಿ ಬರುವುದಿಲ್ಲ. ಪೇದೆ ಮಾಮೂಲಿ ಇಸಕೊಂಡು ಕಂಡೂ ಕಾಣದಂತೆ ಹೋಗುವುದಂತೂ ಇದಲ್ಲವೇ ಅಲ್ಲ. ಸಾರ್ವಜನಿಕ ಹಿತಕ್ಕೆ ಅಗತ್ಯವಿಲ್ಲ ಎನಿಸಿದರೆ ಮೊಕದ್ದಮೆ ಹೂಡದೆ ಬಿಡುವ ಅಧಿಕಾರ ಅಲ್ಲಿನ ಸರ್ಕಾರಿ ಅಭಿಯೋಜಕರಿಗೆ ಇದೆ. ಯಾವ ಷರತ್ತು ಪಾಲಿಸಿದರೆ ಕೇಸು ಹಾಕುವುದಿಲ್ಲ ಎಂಬುದನ್ನು ಅವರ ಇಲಾಖೆ ಬರೆದು ಪ್ರಕಟಿಸುತ್ತದೆ. ಷರತ್ತು ಮೀರಿದರೆ ಅಂಗಡಿಗೆ ಬೀಗ ಜಡಿಸುವ ಅಧಿಕಾರ ಮೇಯರ್ ಕೈಯಲ್ಲಿದೆ.

1976ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಮಾದಕವಸ್ತುಗಳನ್ನು ಎರಡು ಪಟ್ಟಿ ಮಾಡಿದರು. ಹೆರಾಯಿನ್, ಕೊಕೇನ್ ಒಂದರಲ್ಲಿ. ಗಾಂಜಾ, ಚರಸ್ ಇನ್ನೊಂದರಲ್ಲಿ. ಆ ಹೊತ್ತಿಗೆ ಊರಿನಲ್ಲಿ ಹೆರಾಯಿನ್ ಹಾವಳಿ ಜೋರಾಗಿತ್ತು. ಗಾಂಜಾ ಹುಡುಕಿಕೊಂಡು ಬಂದ ಹುಡುಗ ಹೆರಾಯಿನ್ ಮಾರುವವನ ಎದುರು ಹೋಗಿ ನಿಲ್ಲಬಾರದು, ಎರಡೂ ಮಾರುಕಟ್ಟೆಗಳನ್ನು ಬೇರೆ ಮಾಡಬೇಕು ಎಂಬುದೇ ಲೆಕ್ಕಾಚಾರ. ಮೊದಲ ಕಾಫಿಶಾಪ್ ಎಂದು ಹೆಸರಾದ ‘ಮೆಲ್ಲೋ ಯೆಲ್ಲೋ’ 1972ರಲ್ಲೇ ಶುರುವಾಗಿತ್ತು. ನಿಯಮ ಬಂದದ್ದು ಆಮೇಲೆ. ಶಾಲೆಯಿಂದ 250 ಮೀಟರ್ ಒಳಗೆ ಕಾಫಿಶಾಪ್ ಇರಬಾರದು ಎಂಬ ನಿಯಮಕ್ಕೆ ಸಿಕ್ಕಿ 2017ರ ಆರಂಭದಲ್ಲಿ ಅದು ಬಾಗಿಲು ಹಾಕಿತು. ಹತ್ತಿರವಿದ್ದ ಆ ‘ಶಾಲೆ’ ಕ್ಷೌರ, ಕೇಶವಿನ್ಯಾಸ ಕಲಿಸುವಂಥದ್ದು!

ಷರತ್ತುಗಳನ್ನು ಡಚ್ ಪದಗಳ ಮೊದಲಕ್ಷರ ಹಿಡಿದು ಎ-ಎಚ್-ಓ-ಜೆ-ಜಿ ಎನ್ನುತ್ತಾರೆ: ಜಾಹೀರಾತು ಇಲ್ಲ, ಗಡಸು ಮಾದಕವಸ್ತು ಇಲ್ಲ, ನೆರೆಹೊರೆಗೆ ಉಪದ್ರವ ಇಲ್ಲ, 18 ತುಂಬದವರಿಗೆ ಪ್ರವೇಶ ಇಲ್ಲ, ದೊಡ್ಡ ಪ್ರಮಾಣ ಇಲ್ಲ. ಅಂಗಡಿಯೊಳಗೆ ಕಾಲಿಟ್ಟರೆ ಇವೆಲ್ಲ ಕಣ್ಣಿಗೆ ಕಾಣುತ್ತವೆ. ಹೊರಗೆ ಗಾಂಜಾ ಎಲೆಯ ಚಿತ್ರ ಇರುವುದಿಲ್ಲ. ಕಿಟಕಿಯಲ್ಲಿ ಹಸಿರು-ಬಿಳಿ ಪರವಾನಗಿ ಸ್ಟಿಕರ್ ಇದ್ದರೆ ಅದೇ ಗುರುತು. ದರಪಟ್ಟಿಯನ್ನೂ ಬೀದಿಗೆ ಕಾಣುವಂತೆ ಹಾಕುವಂತಿಲ್ಲ. ಹಾಗಾಗಿ ಅದು ಕೌಂಟರಿನ ಮೇಲೆಯೇ ಇರುತ್ತದೆ. ಕೆಲವು ಕಡೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಹಿಂದಿನ ದೀಪ ಹತ್ತಿ ಪಟ್ಟಿ ಓದಲು ಬರುತ್ತದೆ. ಕೂದಲು ನರೆತವರಾದರೂ ಸರಿ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಮದ್ಯ ಸಿಗುವುದಿಲ್ಲ. ಒಳಗೆ ತಂಬಾಕು ಬೆರೆಸಿ ಸೇದುವಂತಿಲ್ಲ. ಸುತ್ತಿಟ್ಟ ಜಾಯಿಂಟ್ (ಗಾಂಜಾ ಸಿಗರೇಟು) ಕೊಳ್ಳುವುದಾದರೆ ತಂಬಾಕು ಇದೆಯೋ ಇಲ್ಲವೋ ಮೊದಲೇ ಕೇಳಿ. ಯುರೋಪಿನಲ್ಲಿ ಬೆರೆಸುವುದೇ ರೂಢಿ. ಬರೀ ಕಾಫಿ ಬೇಕಿದ್ದವರು ‘ಕಾಫಿಶಾಪ್’ ಫಲಕ ನೋಡಿ ನುಗ್ಗಬೇಡಿ, ‘ಕಾಫಿಹೌಸ್’ ಹುಡುಕಿ.

ಕೊನೆಯ ಷರತ್ತು ಲೆಕ್ಕದ್ದು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂಗಡಿಯಲ್ಲಿ ಒಟ್ಟು ದಾಸ್ತಾನು 500 ಗ್ರಾಂ. ಮೊದಲು ಗಿರಾಕಿಗೆ 30 ಗ್ರಾಂ ತನಕ ಇತ್ತು, 1990ರ ದಶಕದಲ್ಲಿ ಇಳಿಸಿದರು. ಈ 500 ಗ್ರಾಂ ಮಿತಿಯಲ್ಲೇ ಇಡೀ ವ್ಯವಸ್ಥೆಯ ವಿಚಿತ್ರ ಅಡಗಿದೆ. ಜನಜಂಗುಳಿಯ ಅಂಗಡಿಗೆ ಅಷ್ಟು ಮಾಲು ಒಂದು ಮಧ್ಯಾಹ್ನಕ್ಕೂ ಸಾಲದು. ಉಳಿದದ್ದನ್ನು ಬೇರೆಲ್ಲೋ ಬಚ್ಚಿಟ್ಟು, ಒಬ್ಬ ಹುಡುಗ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವೇ ತಂದು ತುಂಬುತ್ತಾನೆ. ದಾರಿಯಲ್ಲಿ ಸಿಕ್ಕಿಬಿದ್ದರೆ ಆತ ಅಪರಾಧಿ. ಅದೇ ಪೊಟ್ಟಣ ಹೊಸ್ತಿಲು ದಾಟಿ ಕೌಂಟರಿಗೆ ಬಂದರೆ ಕೇಸಿಲ್ಲ. ಮುಂಬಾಗಿಲಲ್ಲಿ ಮಾರಬಹುದು, ಹಿಂಬಾಗಿಲಲ್ಲಿ ಕೊಳ್ಳುವಂತಿಲ್ಲ. ಡಚ್ಚರು ಇದನ್ನು ‘ಹಿಂಬಾಗಿಲ ಸಮಸ್ಯೆ’ ಎಂದೇ ಕರೆಯುತ್ತಾರೆ. ತೆರಿಗೆಯಲ್ಲೂ ಇದೇ ಕಥೆ: ಲಾಭಕ್ಕೆ ಆದಾಯ ತೆರಿಗೆ ಉಂಟು, ಆದರೆ ಮಾಲು ನಿಷಿದ್ಧವಾದ್ದರಿಂದ ಚರಸ್ ಮಾರಾಟಕ್ಕೆ ವ್ಯಾಟ್ ಹಾಕುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ 1988ರಲ್ಲಿ ಹೇಳಿತು. ಚರಸ್ ಮಾರಲು ಟೇಬಲ್ ಬಾಡಿಗೆಗೆ ಕೊಟ್ಟರೆ ಆ ಬಾಡಿಗೆಗೆ ಮಾತ್ರ ವ್ಯಾಟ್ ಕಟ್ಟಬೇಕು ಎಂದು 1999ರಲ್ಲಿ ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು.

ಈ ಗಂಟು ಬಿಡಿಸಲೆಂದು ಹತ್ತು ಪುರಸಭೆಗಳಲ್ಲಿ ಸರ್ಕಾರವೇ ಪ್ರಯೋಗ ನಡೆಸುತ್ತಿದೆ. ಬ್ರೇಡಾ, ಟಿಲ್‌ಬರ್ಗ್ ಊರುಗಳಲ್ಲಿ 2023ರ ಡಿಸೆಂಬರಿನಲ್ಲಿ ಶುರುವಾಯಿತು. 2025ರ ಏಪ್ರಿಲ್‌ನಿಂದ ಆ ಹತ್ತೂ ಕಡೆಯ ಅಂಗಡಿಗಳು ಪರವಾನಗಿ ಪಡೆದ ಬೆಳೆಗಾರರ ಗಾಂಜಾವನ್ನೇ ಮಾರಬೇಕಾಗಿ ಬಂತು. ಆಮ್‌ಸ್ಟರ್‌ಡ್ಯಾಮ್ ಆ ಪಟ್ಟಿಯಲ್ಲಿಲ್ಲ.

ಪ್ರವಾಸಿಗರು ಎಡವುವುದು ಸಾಮಾನ್ಯವಾಗಿ ಅಂಗಡಿಯ ಹೊರಗೆ. 2023ರ ಮೇ ಕೊನೆಯಿಂದ ಕೆಂಪುದೀಪ ಪ್ರದೇಶ, ಡಾಮ್ ಚೌಕ, ನ್ಯೂಮಾರ್ಕ್ಟ್ ಸುತ್ತಮುತ್ತ ಬೀದಿಯಲ್ಲಿ ಗಾಂಜಾ ಸೇದಿದರೆ 100 ಯೂರೋ ದಂಡ. ಐದು ಗ್ರಾಮಿನೊಳಗೆ ಇದ್ದರೂ ಪೊಲೀಸರು ಕಸಿದುಕೊಳ್ಳಬಹುದು, ಕೇಸು ಹಾಕದಿರಬಹುದು ಅಷ್ಟೆ. ಕಾಲುವೆ ಸೇತುವೆಯ ಮೇಲೆ ಮೆಲ್ಲಗೆ ‘ಕೋಕ್, ಕೋಕ್’ (ಕೊಕೇನ್ ಬೇಕಾ) ಎಂದು ಕೇಳುವವರತ್ತ ತಿರುಗಿಯೂ ನೋಡಬೇಡಿ. 2014ರಲ್ಲಿ ಬೀದಿ ದಲ್ಲಾಳಿಗಳು ಕೊಕೇನ್ ಎಂದು ಕೊಟ್ಟದ್ದು ಬಿಳಿ ಹೆರಾಯಿನ್ ಆಗಿತ್ತು. ಬ್ರಿಟಿಷ್ ಪ್ರವಾಸಿಗರು ಸತ್ತರು, ನಗರಾಡಳಿತ ಬೀದಿಗಳಲ್ಲಿ ದೊಡ್ಡ ಎಚ್ಚರಿಕೆ ಫಲಕ ನಿಲ್ಲಿಸಬೇಕಾಯಿತು.

ಅಂಗಡಿಯೊಳಗೆ ಕೈಕೊಡುವುದು ಸ್ಪೇಸ್ ಕೇಕ್, ಅಂದರೆ ಗಾಂಜಾ ಬೆರೆಸಿದ ಕೇಕ್. ಹೊಗೆ ನಿಮಿಷಗಳಲ್ಲಿ ಏರುತ್ತದೆ. ತಿಂದದ್ದು ಹೊಟ್ಟೆ ದಾಟಿ ಯಕೃತ್ತಿಗೆ ಹೋಗಿ, ಅಲ್ಲಿ ಇನ್ನೂ ಜೋರಾದ ರೂಪ ಪಡೆದು ರಕ್ತಕ್ಕೆ ಬರಬೇಕು. ಒಂದು ಗಂಟೆ, ಕೆಲವೊಮ್ಮೆ ಎರಡು. ಅರ್ಧ ಗಂಟೆ ಕಾದು ‘ಏನೂ ಆಗಲಿಲ್ಲವಲ್ಲ’ ಎಂದು ಎರಡನೆಯ ತುಂಡು ತಿಂದವರಿಗೆ ಎರಡೂ ಒಟ್ಟಿಗೆ ಏರುತ್ತವೆ. ಎದೆ ಡವಡವ, ತಲೆಸುತ್ತು, ಸತ್ತೇಹೋದೆನೆಂಬ ಗಾಬರಿ. ಹೋಳಿಯಲ್ಲಿ ಭಂಗಿ ಕುಡಿದು ಕೆಟ್ಟವರಿಗೆ ಇದು ಹೊಸದಲ್ಲ. ಹೊಸಬರಿಗೆ ಕಾಲು ತುಂಡು ಸಾಕು, ಅದೂ ಖಾಲಿ ಹೊಟ್ಟೆಯಲ್ಲಲ್ಲ, ಮದ್ಯದ ಜೊತೆ ಅಲ್ಲವೇ ಅಲ್ಲ. ಹೆಚ್ಚಾದರೆ ಕೂತು ನೀರು ಕುಡಿಯಬೇಕು, ಜೊತೆಗೊಬ್ಬರು ಇರಬೇಕು. ಎಚ್ಚರ ತಪ್ಪಿದರೆ, ಎದೆ ನೋವು ಬಂದರೆ ತುರ್ತು ಸಂಖ್ಯೆ 112.

ಆಮ್‌ಸ್ಟರ್‌ಡ್ಯಾಮಿನ ನಿಯಮವೇ ದೇಶದ ಎಲ್ಲ ಊರಿಗೂ ಅನ್ವಯಿಸುತ್ತದೆ ಅಂದುಕೊಳ್ಳಬೇಡಿ. ನೆದರ್‌ಲ್ಯಾಂಡ್ಸಿನ ನಿವಾಸಿಗಳಿಗೆ ಮಾತ್ರ ಮಾರಬೇಕೆಂಬ ಷರತ್ತು 2013ರಿಂದ ದೇಶಕ್ಕೆಲ್ಲ ಇದೆ. ಜಾರಿ ಮಾಡುವುದು ಬಿಡುವುದು ಆಯಾ ಊರಿಗೆ ಬಿಟ್ಟದ್ದು. ಮಾಸ್ಟ್ರಿಕ್ಟ್ ಕಟ್ಟುನಿಟ್ಟಾಗಿ ಜಾರಿ ಮಾಡಿತು, ಆಮ್‌ಸ್ಟರ್‌ಡ್ಯಾಮ್ ಮಾಡಲಿಲ್ಲ. ಮೇಯರ್ ಫೆಮ್ಕೆ ಹಾಲ್ಸೆಮಾ 2021ರಲ್ಲಿ ಪ್ರಸ್ತಾಪ ಇಟ್ಟರೂ ನಗರಸಭೆ ಒಪ್ಪಲಿಲ್ಲ.

ವಾಪಸು ಬರುವಾಗ ಜಾಕೆಟ್ ಜೇಬು, ಬ್ಯಾಗಿನ ಮೂಲೆ, ಗಾಂಜಾ ಪುಡಿ ಮಾಡುವ ಗ್ರೈಂಡರ್ ಎಲ್ಲ ಕೊಡವಿ ನೋಡಿ. ದುಬೈ, ಅಬುಧಾಬಿ ಮೂಲಕ ಬರುವವರಿಗೆ ಚೂರು ಪುಡಿಯೂ ಜೈಲಿನ ದಾರಿ ಆಗಬಹುದು. ಬೆಂಗಳೂರಿನಲ್ಲಿ ಇಳಿದರೆ ಭಾರತದ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆ. ಒಂದು ಕಿಲೋ ತನಕದ ಗಾಂಜಾ ಅದರಲ್ಲಿ ‘ಸಣ್ಣ ಪ್ರಮಾಣ’. ಅದಕ್ಕೂ ಒಂದು ವರ್ಷದವರೆಗೆ ಸಜೆ ಆಗಬಹುದು. ಬಹಳ ಜನ ಗಮನಿಸದ ಇನ್ನೊಂದು ಸಂಗತಿ: 2001ರ ತಿದ್ದುಪಡಿಯ ನಂತರ ಆ ಕಾಯ್ದೆ ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಅನ್ವಯವೆಂದು ಅದರ ಮೊದಲ ಸೆಕ್ಷನ್ನಿನಲ್ಲೇ ಇದೆ. ಡಚ್ ಅಭಿಯೋಜಕರು ಕೇಸು ಹಾಕುವುದಿಲ್ಲ ಎಂದು ಬರೆದುಕೊಟ್ಟದ್ದು ಡಚ್ ಕಾಯ್ದೆಯ ಮಟ್ಟಿಗೆ ಮಾತ್ರ.